ಹೊಟ್ಟೆಬೇನೆಗೆ ದವಾಖಾನೆ ಬದಲಿಸುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ತಿಂಗಳುಗಟ್ಟಲೆ ಬಿಡದ ಹೊಟ್ಟೆಬೇನೆಗೆ ಸರ್ಕಾರಿ ದವಾಖಾನೆಯೋ ಖಾಸಗಿಯೋ ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಮನೆಮನೆಯಲ್ಲೂ ಒಮ್ಮೆಯಾದರೂ ಬಂದಿರುತ್ತದೆ. ಗದಗ, ಹಾವೇರಿ ಕಡೆಯಿಂದ ನಸುಕಿನ ಬಸ್ಸಿಗೆ ಬಂದಿಳಿಯುವವರಲ್ಲೂ ಅದೇ ಚರ್ಚೆ. ‘ಸರ್ಕಾರಿಗೆ ಹೋದ್ರ ದಿನಾನ ಹೋಗತೈತಿ’ ಎಂದು ಒಬ್ಬರು, ‘ಪ್ರೈವೇಟಿನವರು ಬರೇ ಟೆಸ್ಟ್ ಬರೀತಾರ’ ಎಂದು ಇನ್ನೊಬ್ಬರು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ರೋಗಿಗೆ ದೊಡ್ಡ ಪೆಟ್ಟು ಬೀಳುವುದು ಅರ್ಧಕ್ಕೆ ಬಿಟ್ಟುಬಂದ ತಪಾಸಣೆಯಿಂದ. ಒಂದು ಕಡೆ ಹದಿನೈದು ದಿನದ ಗುಳಿಗೆ, ಇನ್ನೊಂದು ಕಡೆ ಸ್ಕ್ಯಾನಿಂಗ್, ಮೂರನೇ ಕಡೆ ಮತ್ತೆ ಮೊದಲಿನಿಂದ ಅದೇ ಗುಳಿಗೆ. ಆರು ತಿಂಗಳಾದರೂ ಬೇನೆಗೆ ಒಂದು ಹೆಸರು ಸಿಕ್ಕಿರುವುದಿಲ್ಲ. ‘ಯಾವ ದವಾಖಾನೆ’ ಎಂದು ಒಂದೇ ಏಟಿಗೆ ತೀರ್ಮಾನಿಸುವ ಬದಲು ತಪಾಸಣೆಯ ಯಾವ ಹಂತವನ್ನು ಎಲ್ಲಿ ಮಾಡಿಸಬೇಕು ಎಂದು ಬಿಡಿಸಿ ನೋಡಿದರೆ ಹಣವೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ.

ಆಯ್ಕೆಗೆ ಸಮಯವೇ ಇಲ್ಲದ ಬೇನೆಯ ಮಾತು ಮೊದಲು ಹೇಳಬೇಕು. ಇದ್ದಕ್ಕಿದ್ದಂತೆ ಚೂರಿ ಇರಿದ ಹಾಗೆ ಶುರುವಾಗಿ ಹೊಟ್ಟೆ ಹಲಗೆಯಂತೆ ಬಿಗಿದರೆ ಹುಣ್ಣು ತೂತಾಗಿರಬಹುದು. ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಗಾಳಿಯೂ ಸರಿಯದಿದ್ದರೆ ಕರುಳು ಕಟ್ಟಿರಬಹುದು. ರಕ್ತವಾಂತಿಯಾದರೂ ಅಷ್ಟೇ, ತಡ ಮಾಡುವಂತಿಲ್ಲ. ಇಂಥ ಹೊತ್ತಿನಲ್ಲಿ ರಾತ್ರಿಯೂ ಸರ್ಜನ್, ಅರಿವಳಿಕೆ ವೈದ್ಯರು, ರಕ್ತನಿಧಿ ಮೂರೂ ಒಂದೇ ಕಡೆ ಸಿಗುವ ಜಾಗಕ್ಕೆ 108ರಲ್ಲಿ ಹೋಗಬೇಕು. ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಂದು ಸೂಜಿ ಮಾಡಿಸಿಕೊಂಡು ಬೆಳಗಿನ ತನಕ ಕಾಯಬಾರದು. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಎದೆಗೂಡಿನ ಕೆಳಗೆ ಒತ್ತಿದಂತಾಗಿ ಬೆವರು ಬಂದರೆ ಅದು ‘ಗ್ಯಾಸ್’ ಅಲ್ಲ, ಹೃದಯಾಘಾತ ಇರಬಹುದು. ಅಲ್ಲಿ ಮೊದಲ ಪರೀಕ್ಷೆ ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ತೋರಿಸುವ ಏರ್ಪಾಡು ಇದೆ, ಅದಕ್ಕಾಗಿ ಹುಬ್ಬಳ್ಳಿಯ ತನಕ ಓಡಬೇಕಿಲ್ಲ. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟದ ಹೊರತು ಪ್ರಥಮ ಚಿಕಿತ್ಸೆ ಕೊಡುವುದಿಲ್ಲ ಎನ್ನಲು ಖಾಸಗಿ ಆಸ್ಪತ್ರೆಗೆ ರಾಜ್ಯದ ಕಾನೂನಿನಲ್ಲಿ ಅವಕಾಶವಿಲ್ಲ ಎಂಬುದೂ ಗೊತ್ತಿರಲಿ.

ಇನ್ನು ಉಳಿದದ್ದು ವಾರ, ತಿಂಗಳು ಎಳೆಯುವ ಬೇನೆ. ಇದರಲ್ಲಿ ಕೆಲವರು ಗುಳಿಗೆ ನುಂಗಿ ಕಾಯಬಹುದು, ಕೆಲವರು ಕಾಯಲೇಬಾರದು. ಕಾಯಬಾರದವರು ಯಾರೆಂದರೆ: ಪಥ್ಯ ಮಾಡದೆ ತೂಕ ಇಳಿಯುತ್ತಿರುವವರು, ಅನ್ನ-ರೊಟ್ಟಿ ನುಂಗುವಾಗ ಎದೆಯಲ್ಲಿ ನಿಂತಂತಾಗುವವರು, ಸಂಡಾಸ ಡಾಂಬರಿನಂತೆ ಕಪ್ಪಾಗಿ ಅಂಟಾಗಿ ಹೋಗುವವರು, ರಕ್ತ ಕಡಿಮೆ ಎಂದು ವರದಿ ಬಂದವರು, ಕಾಮಣಿಯಾದವರು, ಪದೇಪದೇ ವಾಂತಿಯಾಗುವವರು, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕವರು, ಮನೆಯಲ್ಲಿ ಜಠರದ ಕ್ಯಾನ್ಸರ್ ಆಗಿದ್ದವರು, ಮತ್ತು 45-50 ದಾಟಿದ ಮೇಲೆ ಮೊದಲ ಸಲ ಇಂಥ ಬೇನೆ ಶುರುವಾದವರು. ಸಂಜೆ ಜ್ವರ, ರಾತ್ರಿ ಬೆವರು, ಹೊಟ್ಟೆಬೇನೆ, ತೂಕ ಇಳಿಕೆ ನಾಲ್ಕೂ ಸೇರಿದರೆ ಹೊಟ್ಟೆಯ ಟಿ.ಬಿ. ಇರಬಹುದು, ಅದರ ಔಷಧ ಸರ್ಕಾರದಿಂದ ಪುಕ್ಕಟೆ. ಒಂದು ಎಚ್ಚರ: ಕಬ್ಬಿಣದ ಗುಳಿಗೆ ನುಂಗುವವರಿಗೂ ಸಂಡಾಸ ಕಪ್ಪಾಗುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಗುಳಿಗೆಯ ವಿಷಯ ಹೇಳದೇ ಹೋದರೆ ಇಲ್ಲದ ಗಾಬರಿ, ಇಲ್ಲದ ಪರೀಕ್ಷೆ ಎರಡೂ ಆಗುತ್ತವೆ.

ದವಾಖಾನೆ ಯಾವುದೇ ಇರಲಿ, ಡಾಕ್ಟರ ಮುಂದೆ ರೋಗಿಗೆ ಸಿಗುವುದು ಮೂರು-ನಾಲ್ಕು ನಿಮಿಷ. ‘ಹೊಟ್ಟಿ ಕಡೀತೈತ್ರಿ’ ಎಂಬ ಒಂದು ಮಾತಿನಲ್ಲಿ ಹುಣ್ಣು, ಪಿತ್ತದ ಹರಳು, ಕರುಳಿನ ಸೆಡೆತ, ಮೂತ್ರದ ಹರಳು ಎಲ್ಲವೂ ಅಡಗುತ್ತವೆ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಲೇಸು: ಬೇನೆ ಎಲ್ಲಿದೆ, ಒಂದು ಬೆರಳಿನಲ್ಲಿ ತೋರಿಸಲು ಬರುತ್ತದೆಯೋ ಅಂಗೈಯಷ್ಟು ಅಗಲವೋ. ಹಸಿದಾಗ ಹೆಚ್ಚೋ, ಉಂಡ ಮೇಲೆ ಹೆಚ್ಚೋ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೋ. ಬೆನ್ನಿಗೆ ಹೊಡೆಯುತ್ತದೆಯೋ, ಬಲ ಹೆಗಲಿಗೆ ಏರುತ್ತದೆಯೋ. ಸಂಡಾಸಕ್ಕೆ ಹೋಗಿ ಬಂದರೆ ಇಳಿಯುತ್ತದೆಯೋ. ಎಣ್ಣೆಯಲ್ಲಿ ಕರಿದದ್ದು ತಿಂದ ರಾತ್ರಿಯೇ ಏಳುತ್ತದೆಯೋ. ಎಂದಿನಿಂದ, ತಿಂಗಳಿಗೆ ಎಷ್ಟು ಸಲ. ಒಂದೇ ತಕ್ಕಡಿಯಲ್ಲಿ ನೋಡಿದ ತೂಕ, ಈಗಿನದು ಮತ್ತು ಆರು ತಿಂಗಳ ಹಿಂದಿನದು. ವಾರಕ್ಕೆ ಒಂದು ದಿನವಾದರೂ, ಮೂರು ತಿಂಗಳಿಂದ, ಸಂಡಾಸದ ಏರುಪೇರಿನ ಜೊತೆಗೇ ಬರುವ ಬೇನೆಗೂ, ಉಂಡ ಅರ್ಧ ಗಂಟೆಗೆ ಮೇಲ್ಹೊಟ್ಟೆಯಲ್ಲಿ ಏಳುವ ಬೇನೆಗೂ ತಪಾಸಣೆಯ ದಾರಿಯೇ ಬೇರೆ. ಆ ದಾರಿ ಕವಲೊಡೆಯುವುದು ರೋಗಿಯ ಮಾತಿನಿಂದ. ಯಂತ್ರ ಆಮೇಲೆ ಬರುವಂಥದ್ದು.

ನುಂಗುತ್ತಿರುವ ಗುಳಿಗೆಗಳ ವಿಷಯ ಇನ್ನೂ ಮುಖ್ಯ. ಔಷಧ ಅಂಗಡಿಯಲ್ಲಿ ಹತ್ತರ ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಡುತ್ತಾರೆ. ಔಷಧದ ಹೆಸರು, ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿದ ಅರ್ಧದ ಮೇಲೆ ಇರುತ್ತವೆ. ರೋಗಿಯ ಕಿಸೆಯಲ್ಲಿರುವ ಬೆಳ್ಳಿ ಹಾಳೆಯ ತುಂಡಿನ ಮೇಲೆ ‘ಮಿ.ಗ್ರಾಂ’ ಎಂಬ ಅರ್ಧ ಅಕ್ಷರ ಮಾತ್ರ. ಹಳ್ಳಿಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟ ಕೆಂಪು ಗುಳಿಗೆ, ಬಿಳಿ ಗುಳಿಗೆಗಳಿಗಂತೂ ಹೆಸರೇ ಇಲ್ಲ. ಮೊಣಕಾಲು ನೋವಿಗೆ, ಸೊಂಟಕ್ಕೆ ಎಂದು ನುಂಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಜಠರದ ಒಳಪದರದ ರಕ್ಷಣೆಯನ್ನು ತೆಗೆದುಹಾಕಿ ಹುಣ್ಣು ಮಾಡುತ್ತವೆ. ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಕೂಡ. ಹೊಟ್ಟೆಬೇನೆಗೆಂದು ಅದೇ ನೋವಿನ ಸೂಜಿ ಮಾಡಿಸಿಕೊಂಡರೆ ಎರಡು ತಾಸು ಆರಾಮ, ಆಮೇಲೆ ಮೂಲ ಬೇನೆಗೆ ಇನ್ನಷ್ಟು ಬಲ. ಅಂಗಡಿಯವರಿಂದ ಹೆಸರಿರುವ ತುಂಡನ್ನೇ ಕೇಳಿ ತೆಗೆದುಕೊಳ್ಳಬೇಕು, ಇಲ್ಲವೇ ಪಟ್ಟಿ ಕತ್ತರಿಸುವ ಮುಂಚೆ ಮೊಬೈಲಿನಲ್ಲಿ ಫೋಟೋ ಹೊಡೆದಿಡಬೇಕು. ಹೃದಯದ ಗುಳಿಗೆಯನ್ನು ಮಾತ್ರ ಯಾರೂ ತಾವಾಗಿಯೇ ನಿಲ್ಲಿಸಬಾರದು. ಬರೆದ ಡಾಕ್ಟರನ್ನು ಕೇಳಬೇಕು.

ಇಲ್ಲಿ ಖಾರದ ಬಗ್ಗೆ ಒಂದು ಮಾತು. ನಮ್ಮ ಕಡೆ ಹೊಟ್ಟೆಬೇನೆ ಎಂದಕೂಡಲೇ ಮೆಣಸಿನಕಾಯಿಯನ್ನು ದೂರುತ್ತಾರೆ. ಹುಣ್ಣು ಇದ್ದವರಿಗೆ ಖಾರ ಉರಿಸುತ್ತದೆ ನಿಜ, ಆದರೆ ಬಹುಪಾಲು ಹುಣ್ಣುಗಳನ್ನು ಮಾಡುವುದು ಮೇಲೆ ಹೇಳಿದ ನೋವಿನ ಗುಳಿಗೆಗಳು ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದನ್ನು ಕಂಡುಹಿಡಿದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಖಾರ ಬಿಟ್ಟು ಆರು ತಿಂಗಳು ಸಪ್ಪೆ ಉಂಡರೂ ಬೇನೆ ಹೋಗದವರು ತಮ್ಮ ನಾಲಿಗೆಯನ್ನು ಬೈದುಕೊಳ್ಳುವುದು ಬಿಟ್ಟು ತಪಾಸಣೆಗೆ ಹೋಗಬೇಕು.

ಅಪಾಯದ ಲಕ್ಷಣ ಯಾವುದೂ ಇಲ್ಲದವರಿಗೆ ಮೊದಲ ಮೆಟ್ಟಿಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ‘ನಮ್ಮ ಕ್ಲಿನಿಕ್’. ರಾಜ್ಯದಲ್ಲಿ ನಮ್ಮ ಕ್ಲಿನಿಕ್‌ಗಳಿಗೆ 2022ರ ಡಿಸೆಂಬರ್‌ನಲ್ಲಿ ಚಾಲನೆ ಸಿಕ್ಕಿದ್ದೇ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ. ಆದರೂ ಹೊಟ್ಟೆಬೇನೆಗೆ ಅಲ್ಲಿಗೆ ಹೋಗಬಹುದು ಎಂಬುದು ಪಕ್ಕದ ಓಣಿಯವರಿಗೇ ಗೊತ್ತಿರುವುದಿಲ್ಲ. ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ ಪರೀಕ್ಷೆ, ಹರೆಯದ ಹೆಣ್ಣುಮಕ್ಕಳಾದರೆ ಗರ್ಭ ಪರೀಕ್ಷೆ: ಇಷ್ಟಕ್ಕೆ ಖಾಸಗಿ ಲ್ಯಾಬಿನ ‘ಫುಲ್ ಬಾಡಿ ಪ್ಯಾಕೇಜ್’ ಬೇಕಿಲ್ಲ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಅಥವಾ ಒಮೆಪ್ರಜೋಲ್ 20 ಮಿ.ಗ್ರಾಂ ಬರೆದರೆ ಅದನ್ನು ಬೆಳಿಗ್ಗೆ ನಾಷ್ಟಾಕ್ಕೆ ಅರ್ಧ ತಾಸು ಮೊದಲು, ಬರಿಹೊಟ್ಟೆಯಲ್ಲಿ ನುಂಗಬೇಕು. ಜಠರದ ಆಮ್ಲದ ಪಂಪುಗಳು ಊಟದ ಹೊತ್ತಿಗೆ ಚುರುಕಾಗುತ್ತವೆ, ಆ ವೇಳೆಗೆ ಔಷಧ ರಕ್ತದಲ್ಲಿ ಇರಬೇಕು. ರಾತ್ರಿ ಉಂಡ ಮೇಲೆ ನುಂಗಿ ‘ಗುಳಿಗೆ ಹತ್ತಲಿಲ್ಲ’ ಎನ್ನುವವರು ಬಹಳ. ನಾಲ್ಕು ವಾರ, ಹೆಚ್ಚೆಂದರೆ ಎಂಟು ವಾರ. ಅಷ್ಟರಲ್ಲಿ ಇಳಿಯದಿದ್ದರೆ, ಅಥವಾ ಬಿಟ್ಟಕೂಡಲೇ ಮತ್ತೆ ಬಂದರೆ, ಮುಂದಿನ ಹೆಜ್ಜೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ನಳಿಕೆ ಇಳಿಸಿ ಜಠರದ ಒಳಗೆ ನೋಡುವ ಪರೀಕ್ಷೆ. ಮೆಡಿಕಲ್ ಅಂಗಡಿಯಿಂದ ವರ್ಷಗಟ್ಟಲೆ ಅದೇ ಗುಳಿಗೆ ತಂದು ನುಂಗುವುದು ಈ ಇಡೀ ವಿಷಯದಲ್ಲಿ ನಡೆಯುವ ಅತಿ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಜಠರದ ಕ್ಯಾನ್ಸರಿನ ಹುಣ್ಣೂ ಈ ಗುಳಿಗೆಗೆ ಮೇಲ್ನೋಟಕ್ಕೆ ಮಾಯ್ದಂತೆ ಕಂಡು, ಉರಿ ಇಳಿದು, ಒಳಗೆ ಬೆಳೆಯುತ್ತಿರಬಹುದು.

ಜನ ಎಂಡೋಸ್ಕೋಪಿಗೆ ಹೆದರುತ್ತಾರೆ, ಸ್ಕ್ಯಾನಿಂಗ್‌ಗೆ ಹೆದರುವುದಿಲ್ಲ. ಹೀಗಾಗಿ ಅಲ್ಟ್ರಾಸೌಂಡ್ ಮೇಲೆ ಅಲ್ಟ್ರಾಸೌಂಡ್ ಆಗುತ್ತದೆ. ಪಿತ್ತದ ಹರಳು, ಮೂತ್ರಪಿಂಡದ ಹರಳು, ಯಕೃತ್ತು, ಗರ್ಭಕೋಶ, ಹೊಟ್ಟೆಯ ನೀರು, ಇವನ್ನು ಅಲ್ಟ್ರಾಸೌಂಡ್ ಚೆನ್ನಾಗಿ ತೋರಿಸುತ್ತದೆ. ಜಠರದ ಹುಣ್ಣನ್ನು ತೋರಿಸುವುದಿಲ್ಲ. ಒಳಗಿನ ಗಾಳಿ ಅದರ ಅಲೆಗಳನ್ನು ತಡೆಯುತ್ತದೆ. ‘ಸ್ಕ್ಯಾನಿಂಗ್ ನಾರ್ಮಲ್ ಐತಿ, ಏನೂ ಇಲ್ಲ’ ಎಂದು ಸುಮ್ಮನಾಗುವುದು ಇದರಿಂದಲೇ ತಪ್ಪು. ಇನ್ನೊಂದು, ‘ಫ್ಯಾಟಿ ಲಿವರ್ ಗ್ರೇಡ್ 1’ ಎಂದು ಬರೆದಿದ್ದರೆ ಬೇನೆಗೆ ಕಾರಣ ಸಿಕ್ಕಿತು ಎಂದುಕೊಳ್ಳುವುದು. ಅದು ತೂಕ, ಸಕ್ಕರೆಯ ಬಗ್ಗೆ ಎಚ್ಚರಿಕೆ ಹೌದು, ಸಾಮಾನ್ಯವಾಗಿ ಬೇನೆಗೆ ಕಾರಣವಲ್ಲ. ಈ ಸ್ಕ್ಯಾನಿಂಗ್‌ಗೆ 6ರಿಂದ 8 ತಾಸು ಉಪವಾಸ ಇರಬೇಕು. ಚಹಾ ಕುಡಿದು ಹೋದರೆ ಪಿತ್ತಕೋಶ ಕುಗ್ಗಿ ಒಳಗಿನ ಸಣ್ಣ ಹರಳು ಕಾಣದೇ ಹೋಗಬಹುದು. ಗರ್ಭಕೋಶ, ಮೂತ್ರಕೋಶ ನೋಡಬೇಕಿದ್ದರೆ ನೀರು ಕುಡಿದು ಮೂತ್ರ ಕಟ್ಟಿಕೊಂಡಿರಬೇಕು. ದೂರದೂರಿನಿಂದ ಬಂದವರು ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿದು, ನಾಳೆ ಬಾ ಎನ್ನಿಸಿಕೊಂಡು ವಾಪಸ್ಸಾಗುವುದು ಇಂಥ ಸಣ್ಣ ವಿಷಯ ಯಾರೂ ಮೊದಲೇ ಹೇಳದ್ದರಿಂದ.

ಎಂಡೋಸ್ಕೋಪಿ ಅಷ್ಟೊಂದು ಕಷ್ಟದ್ದಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಬೆರಳು ಗಾತ್ರದ ನಳಿಕೆ ಇಳಿಸುತ್ತಾರೆ. ಐದರಿಂದ ಹತ್ತು ನಿಮಿಷ. ಓಕರಿಕೆ ಬರುತ್ತದೆ, ಆದರೆ ನಳಿಕೆ ಉಸಿರಿನ ದಾರಿಗೆ ಹೋಗುವುದಿಲ್ಲ. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಮುಗಿದೇಹೋಗುತ್ತದೆ. ಮುಗಿದ ಮೇಲೆ ಗಂಟಲ ಜೋಮು ಇಳಿಯುವ ತನಕ ನೀರು ಕುಡಿಯಬಾರದು, ಕುಡಿದರೆ ನೆತ್ತಿಗೇರುತ್ತದೆ. ನಿದ್ದೆಯ ಔಷಧ ಕೊಟ್ಟಿದ್ದರೆ ಜೊತೆಗೆ ಒಬ್ಬರು ಇರಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ.

ಈ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕು ಎಂಬುದೇ ಸರ್ಕಾರಿ-ಖಾಸಗಿ ಪ್ರಶ್ನೆಯ ನಿಜವಾದ ತಿರುಳು. ಹುಬ್ಬಳ್ಳಿಯ ವಿದ್ಯಾನಗರದ ಸರ್ಕಾರಿ ದವಾಖಾನೆ ಕಿಮ್ಸ್ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದದ್ದು. ಈಗ ಕೆಎಂಸಿ-ಆರ್‌ಐ ಎಂದು ಹೆಸರು ಬದಲಾಗಿದೆ, ಶಿಫಾರಸು ಪತ್ರದಲ್ಲಿ ಆ ಹೆಸರು ಕಂಡು ಬೇರೆ ದವಾಖಾನೆ ಎಂದು ಅಲೆದಾಡಬಾರದು. ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿರುವುದರಿಂದ ಪ್ರತಿ ಬೇನೆಗೂ ಹುಬ್ಬಳ್ಳಿಗೇ ಬರಬೇಕೆಂದಿಲ್ಲ. ವೈದ್ಯಕೀಯ ಕಾಲೇಜಿನ ದವಾಖಾನೆ ನಡೆಯುವ ರೀತಿ ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ. ಅಲ್ಲಿ ಮೆಡಿಸಿನ್, ಸರ್ಜರಿ ವಿಭಾಗಗಳು ‘ಯೂನಿಟ್’ಗಳಾಗಿ ಹಂಚಿರುತ್ತವೆ. ಒಂದೊಂದು ಯೂನಿಟ್‌ಗೆ ವಾರದಲ್ಲಿ ಅದರದೇ ಹೊರರೋಗಿ ದಿನ. ಸೋಮವಾರ ನೋಡಿದ ಯೂನಿಟ್‌ಗೆ ಬುಧವಾರ ವರದಿ ತೋರಿಸಲು ಹೋದರೆ ಅಲ್ಲಿ ಕುಳಿತಿರುವುದು ಬೇರೆ ಡಾಕ್ಟರು. ಅವರು ಮತ್ತೆ ಮೊದಲಿನಿಂದ ಕೇಳುತ್ತಾರೆ, ಬೇರೆ ಗುಳಿಗೆ ಬರೆಯುತ್ತಾರೆ. ‘ಸರ್ಕಾರಿಯೊಳಗ ದಿನಕ್ಕೊಬ್ಬ ಡಾಕ್ಟರು’ ಎಂಬ ದೂರಿನ ಮೂಲ ಬಹುಮಟ್ಟಿಗೆ ಇದು. ಚೀಟಿಯ ಮೂಲೆಯಲ್ಲಿ ಯೂನಿಟ್ ನಂಬರು ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು, ಮುಂದಿನ ಸಲ ವಾರದ ಅದೇ ದಿನ ಅದೇ ಯೂನಿಟ್‌ಗೆ ಹೋಗಬೇಕು. ಮೇಲ್ಹೊಟ್ಟೆಯ ಉರಿ, ತೂಕ ಇಳಿಕೆಗೆ ಮೆಡಿಸಿನ್ ಚೀಟಿ. ಹರಳು ಇದೆ ಎಂದು ಆಗಲೇ ಗೊತ್ತಿದ್ದರೆ, ಹರ್ನಿಯಾ ಇದ್ದರೆ ಸರ್ಜರಿ ಚೀಟಿ. ತಪ್ಪು ಚೀಟಿ ಮಾಡಿಸಿದರೆ ಎರಡು ಪಾಳಿ. ಮೊಬೈಲಿನಲ್ಲಿ 14 ಅಂಕಿಯ ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ ಮಾಡಿಸಿಟ್ಟುಕೊಂಡು, ಸೌಲಭ್ಯ ಇರುವ ಕಡೆ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಚೀಟಿಯ ಪಾಳಿಯಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ.

ಮೊದಲು ನೋಡುವವರು ಎಳೆಯ ಡಾಕ್ಟರು ಎಂದು ಮುನಿಸಿಕೊಳ್ಳುವುದು ಬೇಡ. ಅವರು ಬರೆದದ್ದನ್ನು ಯೂನಿಟ್ಟಿನ ಹಿರಿಯರು ನೋಡುತ್ತಾರೆ. ಅಪಾಯದ ಲಕ್ಷಣ ಇದ್ದವರು ‘ಸಾಹೇಬ್ರಿಗೂ ಒಮ್ಮೆ ತೋರಿಸ್ರಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇಲ್ಲಿ ನನ್ನ ಸಲಹೆ ಹೀಗಿದೆ. ಎಂಡೋಸ್ಕೋಪಿಗೆ ಸರ್ಕಾರಿಯಲ್ಲಿ ಒಂದೆರಡು ವಾರದೊಳಗೆ ದಿನ ಸಿಕ್ಕರೆ ಅಲ್ಲೇ ಮಾಡಿಸಿ. ಅಪಾಯದ ಲಕ್ಷಣ ಇದ್ದೂ ದಿನ ದೂರವಿದ್ದರೆ ಆ ಒಂದು ಪರೀಕ್ಷೆಯನ್ನು ಖಾಸಗಿಯಲ್ಲಿ ಮಾಡಿಸಿ, ಮೂಲ ವರದಿ, ಬಣ್ಣದ ಚಿತ್ರ, ಬಯಾಪ್ಸಿ (ಪರೀಕ್ಷೆಗೆಂದು ಒಳಗಿನಿಂದ ತೆಗೆದ ತುಣುಕು) ನಂಬರು ತೆಗೆದುಕೊಂಡು ಮತ್ತೆ ಅದೇ ಯೂನಿಟ್‌ಗೆ ಬನ್ನಿ. ಪರೀಕ್ಷೆ ಖಾಸಗಿ, ಚಿಕಿತ್ಸೆ ಸರ್ಕಾರಿ ಎಂದು ಬೆರೆಸಬಾರದೆಂಬ ನಿಯಮ ಎಲ್ಲಿಯೂ ಇಲ್ಲ. ಅಪಾಯದ ಲಕ್ಷಣ ಏನೂ ಇಲ್ಲದವರು ಒಂದು ತಿಂಗಳ ಪಾಳಿಗೆ ಹೆದರಿ ಸಾಲ ಮಾಡಬೇಕಿಲ್ಲ.

ಖಾಸಗಿಯಲ್ಲಿ ‘ಎಂಡೋಸ್ಕೋಪಿಗೆ ಎಷ್ಟು’ ಎಂದು ಮಾತ್ರ ಕೇಳಿದರೆ ಉತ್ತರ ಅರ್ಧವೇ ಸಿಗುತ್ತದೆ. ಬಿಡಿಸಿ ಕೇಳಬೇಕು: ನಳಿಕೆ ಇಳಿಸುವುದಕ್ಕೆ ಎಷ್ಟು, ಬಯಾಪ್ಸಿ ತೆಗೆದರೆ ಎಷ್ಟು, ಅದನ್ನು ಪರೀಕ್ಷಿಸುವ ಲ್ಯಾಬಿಗೆ ಬೇರೆ ಎಷ್ಟು, ಪೈಲೋರಿ ಕಿಟ್‌ಗೆ, ನಿದ್ದೆಯ ಔಷಧಕ್ಕೆ, ಅರಿವಳಿಕೆ ವೈದ್ಯರಿಗೆ, ಮಲಗಿಸಿದ ಹಾಸಿಗೆಗೆ ಎಷ್ಟು. ಬಯಾಪ್ಸಿಯ ತುಣುಕನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಮುಟ್ಟಿಸಿ ಎನ್ನುವುದುಂಟು. ಆ ಬಾಟಲಿಯ ಮೇಲೆ ರೋಗಿಯ ಹೆಸರು, ವಯಸ್ಸು, ತೆಗೆದ ಜಾಗ ಬರೆದಿರಬೇಕು. ಒಳಗಿರುವುದು ತುಣುಕು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಆಗಿರಬೇಕು, ನೀರೋ ಸಲೈನೋ ಆದರೆ ತುಣುಕು ಕೊಳೆತು ವರದಿ ಕೆಡುತ್ತದೆ. ಅಂದೇ ಮುಟ್ಟಿಸಬೇಕು. ಅಕ್ಕಿ ಕಾಳಿಗಿಂತ ಸಣ್ಣ ಆ ತುಣುಕಿನ ಮೇಲೆ ಮುಂದಿನ ಇಡೀ ಚಿಕಿತ್ಸೆ ನಿಂತಿರುತ್ತದೆ. ಜಠರದಲ್ಲಿ ಹುಣ್ಣು ಕಂಡರೆ ಅಂಚಿನಿಂದ ಹಲವು ತುಣುಕು ತೆಗೆಯಬೇಕು, ಎಂಟು ವಾರದ ಚಿಕಿತ್ಸೆಯ ಬಳಿಕ ಮತ್ತೊಮ್ಮೆ ಒಳಗೆ ನೋಡಿ ಮಾಯ್ದದ್ದನ್ನು ಖಾತ್ರಿ ಮಾಡಿಕೊಳ್ಳಬೇಕು. ಈ ಎರಡನೇ ಸಲ ಬಾರದೇ ಉಳಿಯುವವರೇ ಹೆಚ್ಚು. ಬೇನೆ ಹೋಯಿತಲ್ಲ ಎಂಬ ಸಮಾಧಾನ ಅದಕ್ಕೆ ಕಾರಣ.

ಪೈಲೋರಿ ಪರೀಕ್ಷೆಯಲ್ಲೂ ಹಣ ವ್ಯರ್ಥವಾಗುತ್ತದೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ, ಎಂದೋ ಬಂದು ಹೋದ ಸೋಂಕನ್ನೂ ‘ಪಾಸಿಟಿವ್’ ಎನ್ನುತ್ತದೆ. ಈಗ ಸೋಂಕು ಇದೆಯೇ ಎಂದು ಹೇಳುವುದು ಬಯಾಪ್ಸಿ ತುಣುಕಿನ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆ, ಉಸಿರಿನ ಪರೀಕ್ಷೆ. ಇವಕ್ಕೆ ಮುನ್ನ ಎರಡು ವಾರ ಆಮ್ಲ ತಗ್ಗಿಸುವ ಗುಳಿಗೆ, ನಾಲ್ಕು ವಾರ ಆಂಟಿಬಯೊಟಿಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಇದ್ದ ಸೋಂಕೂ ಕಾಣುವುದಿಲ್ಲ. ಯಾವಾಗ ನಿಲ್ಲಿಸಬೇಕೆಂಬುದನ್ನು ಡಾಕ್ಟರನ್ನೇ ಕೇಳಬೇಕು, ರಕ್ತಸ್ರಾವ ಆಗಿದ್ದವರು ತಾವಾಗಿಯೇ ನಿಲ್ಲಿಸಬಾರದು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ದಿನಕ್ಕೆರಡು ಸಲ ಮೂರು-ನಾಲ್ಕು ಔಷಧ. ಐದನೇ ದಿನ ಬಾಯಿ ಕಹಿಯಾಯಿತು, ಭೇದಿಯಾಯಿತು ಎಂದು ಬಿಟ್ಟರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ, ಎರಡನೇ ಸಲ ಬೇರೆ, ದುಬಾರಿ ಔಷಧ ಬೇಕಾಗುತ್ತದೆ.

ಪಿತ್ತದ ಹರಳಿನ ವಿಷಯದಲ್ಲಿ ಆಯ್ಕೆಯ ಅಳತೆಗೋಲು ಬೇರೆ. ಬೇನೆಯೇ ಕೊಡದೆ ಸ್ಕ್ಯಾನಿಂಗ್‌ನಲ್ಲಿ ಸುಮ್ಮನೆ ಕಂಡ ಹರಳಿಗೆ ಬಹುತೇಕ ಆಪರೇಷನ್ ಬೇಕಿಲ್ಲ. ಬೇನೆ ಕೊಡುವ ಹರಳಿಗೆ ಬೇಕು. ಅದನ್ನು ಕರಗಿಸುತ್ತೇವೆ ಎನ್ನುವವರ ಹಿಂದೆ ಹೋಗಿ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಸಿಕೊಂಡು ಐಸಿಯುಗೆ ಬರುವುದು ದುಃಖದ ಸಂಗತಿ. ಆಪರೇಷನ್‌ಗೆ ಮುನ್ನ ಯಕೃತ್ತಿನ ರಕ್ತಪರೀಕ್ಷೆ ನೋಡಲೇಬೇಕು. ಅದರಲ್ಲಿ ಕಾಮಣಿಯನ್ನು ತೋರಿಸುವ ಬಿಲಿರುಬಿನ್ ಏರಿದ್ದರೆ, ಪಿತ್ತನಾಳ ಹಿಗ್ಗಿದೆ ಎಂದು ಸ್ಕ್ಯಾನಿಂಗ್ ಹೇಳಿದರೆ, ಹರಳು ನಾಳಕ್ಕೆ ಜಾರಿರಬಹುದು. ಆಗ ಪಿತ್ತನಾಳವನ್ನು ತೋರಿಸುವ ಸ್ಕ್ಯಾನ್ ಎಂಆರ್‌ಸಿಪಿ, ನಳಿಕೆಯಿಂದ ಹರಳು ತೆಗೆಯುವ ಇಆರ್‌ಸಿಪಿ ಬೇಕು. ಇಆರ್‌ಸಿಪಿ ಇಲ್ಲದ ಕಡೆ ಬರೀ ಪಿತ್ತಕೋಶ ತೆಗೆಸಿಕೊಂಡರೆ ವಾರದೊಳಗೆ ಕಾಮಣಿಯಾಗಿ ಬೇರೆ ದವಾಖಾನೆಗೆ ಆಂಬುಲೆನ್ಸಿನಲ್ಲಿ ಹೋಗಬೇಕಾಗಬಹುದು. ಕೇಳಬೇಕಾದ ಪ್ರಶ್ನೆ ಇಷ್ಟೇ: ‘ನಾಳದಾಗ ಹರಳು ಸಿಕ್ರ ಇಲ್ಲೇ ತೆಗೀತೀರೇನ್ರಿ, ಹೊರಗ ಕಳಸ್ತೀರೇನ್ರಿ?’

ಈಗ ಆಯುಷ್ಮಾನ್ ಕಾರ್ಡು. ಕಾರ್ಡು ಇದ್ದರೆ ಯಾವ ಖಾಸಗಿ ದವಾಖಾನೆಗಾದರೂ ನೇರ ಹೋಗಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ರಕ್ಷಣೆ. ಎಪಿಎಲ್ ಕುಟುಂಬಕ್ಕೆ, ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಸರಳ ಚಿಕಿತ್ಸೆಗಳು ಸರ್ಕಾರಿಯಲ್ಲೇ ಆಗಬೇಕು. ದೊಡ್ಡದಕ್ಕೆ ಸರ್ಕಾರಿ ದವಾಖಾನೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರು ಶಿಫಾರಸು ಪತ್ರ ಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಖಾಸಗಿಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವುದಕ್ಕೆ ಮಾತ್ರ ಪತ್ರ ಬೇಡ. ಪತ್ರವಿಲ್ಲದೆ ಮೊದಲು ಖಾಸಗಿಗೆ ದಾಖಲಾಗಿ ಆಮೇಲೆ ಕಾರ್ಡು ತೋರಿಸಿದರೆ ಬಿಲ್ಲು ಕೈಯಿಂದಲೇ ಹೋಗುತ್ತದೆ. ಹೊರರೋಗಿಯಾಗಿ ಮಾಡಿಸಿದ ಸ್ಕ್ಯಾನಿಂಗ್, ರಕ್ತಪರೀಕ್ಷೆಗೆ ಖಾಸಗಿಯಲ್ಲಿ ಈ ಕಾರ್ಡು ಸಾಮಾನ್ಯವಾಗಿ ನಡೆಯುವುದಿಲ್ಲ. ಸರ್ಕಾರಿಯಲ್ಲಿ ಒಂದು ಚೀಟಿ ಮಾಡಿಸಿ ತಪಾಸಣೆ ಅಲ್ಲಿಂದಲೇ ಶುರುಮಾಡಿದವರಿಗೆ ಮುಂದೆ ಖಾಸಗಿಯ ಬಾಗಿಲೂ ತೆರೆದಿರುತ್ತದೆ, ಇದನ್ನು ಒತ್ತಿ ಹೇಳಬೇಕು. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಹೆಸರು, ಇನಿಷಿಯಲ್ ಒಂದೇ ಇರಲಿ. ದವಾಖಾನೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಮೇಜು ಇರುತ್ತದೆ, ಮೊದಲು ಅಲ್ಲಿಗೇ ಹೋಗಬೇಕು. ಸಂಶಯವಿದ್ದರೆ 104 ಅಥವಾ 14555ಕ್ಕೆ ಕರೆ ಮಾಡಬಹುದು. ಸಹಕಾರ ಸಂಘದ ಸದಸ್ಯರಾದ ರೈತರು ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು ನವೀಕರಿಸಿದ್ದಾರೆಯೇ ನೋಡಿಕೊಳ್ಳಲಿ. ಕಾರ್ಖಾನೆಯವರಿಗೆ ಇಎಸ್‌ಐ ಇದೆ.

ಖಾಸಗಿ ವಿಮೆ ಇದ್ದವರಿಗೆ ಒಂದೇ ಮಾತು. ಹರಳು, ಹರ್ನಿಯಾದಂಥವಕ್ಕೆ ಬಹಳಷ್ಟು ಪಾಲಿಸಿಗಳಲ್ಲಿ 2 ವರ್ಷ ಕಾಯಬೇಕಿರುತ್ತದೆ. ದಾಖಲಾಗುವಾಗ ಗಾಬರಿಯಲ್ಲಿ ‘ಭಾಳ ವರ್ಷದ್ದು ರೀ’ ಎಂದು ಹೇಳಿದ್ದು ಕೇಸ್ ಹಾಳೆಯಲ್ಲಿ ‘3 ವರ್ಷದಿಂದ’ ಎಂದು ದಾಖಲಾಗಿ, ಪಾಲಿಸಿಗೂ ಮೊದಲಿನ ರೋಗ ಎಂದು ಹಣ ನಿಲ್ಲುತ್ತದೆ. ಸುಳ್ಳು ಹೇಳುವುದು ಬೇಡ. ಆದರೆ ಅಂದಾಜಿನಲ್ಲಿ ಹೇಳದೆ ನಿಜವಾದ ತಿಂಗಳು ಹೇಳಿ. ಕೋಣೆಯ ದರ್ಜೆ ಏರಿಸಿದರೆ ಬಾಡಿಗೆ ಮಾತ್ರವಲ್ಲ, ಡಾಕ್ಟರ ಶುಲ್ಕವೂ ಆಪರೇಷನ್ ಕೋಣೆಯ ಶುಲ್ಕವೂ ಏರುವುದುಂಟು.

ಖಾಸಗಿ ದವಾಖಾನೆಯನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಒಬ್ಬರೇ ಡಾಕ್ಟರು ಪ್ರತಿ ಸಲ ನೋಡುವುದು, ಸಂಜೆಯೂ ಸಿಗುವುದು, ದಿನಗೂಲಿಯವರಿಗೆ ಪಗಾರ ಉಳಿಯುವುದು, ಇವು ಸಣ್ಣ ಅನುಕೂಲಗಳಲ್ಲ. ಮೂರು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಹೊರಗಿನ ಊಟ ಕೂಡಿಸಿದರೆ ಪುಕ್ಕಟೆಗೂ ಒಂದು ಬೆಲೆ ಇದೆ. ಆದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಮತ್ತು ಅದರ 2017ರ ತಿದ್ದುಪಡಿ ರೋಗಿಗೆ ಕೊಟ್ಟಿರುವುದನ್ನು ಕೇಳಿ ಪಡೆಯಬೇಕು: ದರಪಟ್ಟಿ ಕಾಣುವಂತೆ ಹಾಕಿರಬೇಕು, ಬಿಲ್ಲು ಬಿಡಿಸಿ ಕೊಡಬೇಕು. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು, ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಸಲ್ಲುತ್ತದೆ. ವೈದ್ಯರ ನಡಾವಳಿಯ 2002ರ ನಿಯಮದಂತೆ, ಬರೆದು ಕೇಳಿದರೆ ದಾಖಲೆಯ ಪ್ರತಿಯನ್ನು 72 ತಾಸಿನೊಳಗೆ ಕೊಡಬೇಕು. ಸಿ.ಟಿ. ಸ್ಕ್ಯಾನ್ ಆಗಿದ್ದರೆ ಫಿಲ್ಮ್ ಸಾಲದು, ಸಿ.ಡಿ.ಯನ್ನೂ ಕೇಳಬೇಕು, ಇನ್ನೊಬ್ಬ ತಜ್ಞರು ಅಳತೆ ತೆಗೆದು ನೋಡುವುದು ಅದರಲ್ಲಿ. ಇಸಿಜಿ ಮತ್ತು ಅಲ್ಟ್ರಾಸೌಂಡಿನ ನುಣುಪು ಕಾಗದದ ಚಿತ್ರಗಳು ಬಿಸಿಗೆ, ಬಿಸಿಲಿಗೆ ಅಳಿಸಿಹೋಗುತ್ತವೆ. ಬಟ್ಟೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಮಡಚಿ ತುರುಕಿದ ವರದಿಗಳ ನಡುವೆ ಬಿಳಿ ಹಾಳೆಯಾಗಿ ಉಳಿದ ಇಸಿಜಿಯನ್ನು ಯಾರೂ ಓದಲಾರರು. ತೆಗೆದ ದಿನವೇ ಜೆರಾಕ್ಸ್ ಮಾಡಿಸಿ, ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿ.

ಕೊನೆಗೆ ನಮ್ಮ ಸರ್ಕಾರಿ ದವಾಖಾನೆಗಳ ಆಡಳಿತಕ್ಕೆ ಒಂದು ಬೇಡಿಕೆ. ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲಿ, ದೊಡ್ಡ ಕನ್ನಡ ಅಕ್ಷರದ ಒಂದು ಫಲಕ ಹಾಕಿಸಿ. ಅದರಲ್ಲಿ ಯಾವ ಯೂನಿಟ್‌ಗೆ ವಾರದ ಯಾವ ದಿನ, ಎಂಡೋಸ್ಕೋಪಿ ಯಾವ ದಿನ ಎಷ್ಟು ಹೊತ್ತಿಗೆ, ಇಂದು ಹೆಸರು ಬರೆಸಿದರೆ ಯಾವ ತಾರೀಖಿಗೆ ಪಾಳಿ, ಬಯಾಪ್ಸಿ ವರದಿ ಎಷ್ಟನೇ ದಿನಕ್ಕೆ ಯಾವ ಕೋಣೆಯಲ್ಲಿ ಎಂಬ ನಾಲ್ಕು ವಿಷಯ ಇರಲಿ. ಕೆಳಗೆ ‘ಸ್ಕ್ಯಾನಿಂಗ್, ಎಂಡೋಸ್ಕೋಪಿ ಇರುವವರು ಚಹಾ ಕುಡಿಯದೆ ಬನ್ನಿ’ ಎಂದು ಇನ್ನೊಂದು ಸಾಲು. ಪಾಳಿಯ ತಾರೀಖನ್ನು ದಿನವೂ ಸೀಮೆಸುಣ್ಣದಲ್ಲಿ ತಿದ್ದಿದರೂ ಸಾಕು. ರೋಣ, ಹಾನಗಲ್ಲ, ಕಲಘಟಗಿಯಿಂದ ಬಂದ ಮನುಷ್ಯ ಅಲ್ಲಿ ನಿಂತು ಅದನ್ನು ಓದಿ, ಕಾಯುವುದೋ ಖಾಸಗಿಗೆ ಹೋಗುವುದೋ ಎಂದು ತಾನೇ ತೀರ್ಮಾನಿಸುತ್ತಾನೆ.

ಇಂತಿ,
ಓರ್ವ ಓದುಗ, ಹುಬ್ಬಳ್ಳಿ